ಕ್ರೈಮಿಯಾದಲ್ಲಿ ಹಸಿದಿದ್ದ ಪೋಪ್

ಪೋಪ್ ಮೊದಲನೇ ಮಾರ್ಟಿನ್ ಅವರ ಕಥೆ ಬಂದಾಗಲೆಲ್ಲ ಬೈಗುಳ ತಿನ್ನುವುದು ಏಳನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಚಕ್ರವರ್ತಿ ಎರಡನೇ ಕಾನ್‌ಸ್ಟನ್ಸ್. ತಿನ್ನಲಿ, ಅವನಿಗೆ ಸಲ್ಲಬೇಕಾದದ್ದೇ. ಆದರೆ ನನಗೆ ಜಾಸ್ತಿ ನೋವಾಗುವುದು ರೋಮ್‌ನವರನ್ನು ನೆನೆದಾಗ.

ಕ್ರಿಸ್ತನಿಗೆ ಇದ್ದದ್ದು ಒಂದೇ ಇಚ್ಛೆಯೋ, ದೇವರದ್ದೊಂದು ಮನುಷ್ಯನದ್ದೊಂದು ಅಂತ ಎರಡೋ? ಆಗಿನ ಜಗಳ ಇದು. ಸುಮ್ನೆ ಪಂಡಿತರ ತಕರಾರು ಅನ್ನಬೇಡಿ. ಅವನಿಗೆ ಮನುಷ್ಯನ ಇಚ್ಛೆಯೇ ಇರಲಿಲ್ಲ ಅಂದರೆ, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಸಾವಿಗೆ ಅಂಜಿ ಪ್ರಾರ್ಥಿಸಿದ್ದು ಬರೀ ನಟನೆ ಆಗಿಬಿಡುತ್ತದೆ, ಅಲ್ವಾ?

ಸಿರಿಯಾ, ಈಜಿಪ್ಟ್ ಆಗಲೇ ಅರಬರ ಕೈಸೇರಿದ್ದವು. ಉಳಿದ ರಾಜ್ಯದಲ್ಲಿ ಒಡಕು ಬೇಡ ಅಂತ ಚಕ್ರವರ್ತಿ 648ರಲ್ಲಿ ಈ ಮಾತನ್ನೇ ಯಾರೂ ಎತ್ತಕೂಡದು ಎಂದು ಆಜ್ಞೆ ಮಾಡಿದ. ಮಾರ್ಟಿನ್ 649ರಲ್ಲಿ ಅವನ ಒಪ್ಪಿಗೆಗೂ ಕಾಯದೆ ಪೋಪ್ ಆದರು. ಅದೇ ಅಕ್ಟೋಬರ್‌ನಲ್ಲಿ ರೋಮ್‌ನ ಲ್ಯಾಟರನ್ ಇಗರ್ಜಿಯಲ್ಲಿ ನೂರಕ್ಕೂ ಹೆಚ್ಚು ಬಿಷಪ್‌ಗಳನ್ನು ಸೇರಿಸಿ, ಒಂದೇ ಇಚ್ಛೆಯ ವಾದವನ್ನೂ ಆ ಆಜ್ಞೆಯನ್ನೂ ಖಂಡಿಸಿದರು.

653ರ ಜೂನ್‌ನಲ್ಲಿ ಅವರನ್ನು ಹಿಡಿಯಲು ಚಕ್ರವರ್ತಿಯ ಸೈನಿಕರು ಬಂದಾಗ ಅವರು ಕಾಯಿಲೆಯಿಂದ ಇಗರ್ಜಿಯೊಳಗೇ ಮಲಗಿದ್ದರು. ರಕ್ತ ಹರಿಯಬಾರದು ಅಂತ ತಮ್ಮವರನ್ನು ತಡೆದು, ತಾವೇ ಹೊರಟರು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ತಿಂಗಳುಗಟ್ಟಲೆ ಸೆರೆ. ವಿಚಾರಣೆಯ ದಿನ ನಿಲ್ಲಲೂ ಶಕ್ತಿಯಿಲ್ಲ, ಇಬ್ಬರು ಹಿಡಿದುಕೊಂಡಿದ್ದರು. ಹೊರಿಸಿದ್ದು ರಾಜದ್ರೋಹ. ಅವರು ಆ ಆಜ್ಞೆಯ ವಿಷಯ ತೆಗೆದರೆ, ಇಲ್ಲಿ ಧರ್ಮದ ಮಾತು ಬೇಡ ಅಂತ ಬಾಯಿ ಮುಚ್ಚಿಸಿದರು. ಎಲ್ಲರೆದುರು ಬಟ್ಟೆ ಹರಿದು, ಸರಪಳಿ ಹಾಕಿ ಬೀದಿಯಲ್ಲಿ ಎಳೆದರು. ಸಾಯುತ್ತಾ ಮಲಗಿದ್ದ ಅಲ್ಲಿನ ಧರ್ಮಾಧ್ಯಕ್ಷ ಪೌಲ್, ಮಾರ್ಟಿನ್ ಅವರ ವಿರೋಧಿಯೇ ಆಗಿದ್ದರೂ, ಇಷ್ಟು ಸಾಕು ಎಂದು ಚಕ್ರವರ್ತಿಯನ್ನು ಬೇಡಿಕೊಂಡ. ಜೀವ ಉಳಿಯಿತು. ಕ್ರೈಮಿಯಾದಲ್ಲಿದ್ದ ಹಳೆಯ ಖೆರ್ಸನ್ ಪಟ್ಟಣಕ್ಕೆ ಗಡಿಪಾರಾಯಿತು.

ವಿರೋಧಿ ಮಾಡಿದಷ್ಟನ್ನೂ ಸ್ವಂತದವರು ಮಾಡಲಿಲ್ಲ. ಇಲ್ಲಿ ರೊಟ್ಟಿಯ ಹೆಸರು ಕೇಳುತ್ತೇವೆ, ಕಣ್ಣಿಗೆ ಕಾಣುವುದಿಲ್ಲ ಎಂದು ಮಾರ್ಟಿನ್ ಪತ್ರ ಬರೆದರು. ನಾನು ಬದುಕಿದ್ದೇನೋ ಇಲ್ಲವೋ ಎಂದು ರೋಮ್‌ನ ಗೆಳೆಯರು ಕೇಳಲೂ ಇಲ್ಲವಲ್ಲ ಎಂದು ಕೊರಗಿದರು. ಅಷ್ಟರಲ್ಲಿ, 654ರಲ್ಲೇ, ರೋಮ್ ಯುಜೀನ್‌ನನ್ನು ಪೋಪ್ ಮಾಡಿಯಾಗಿತ್ತು. ಚಕ್ರವರ್ತಿ ತನ್ನ ಕಡೆಯವನನ್ನು ತಂದು ಕೂರಿಸಬಹುದೆಂಬ ಭಯ ಅವರಿಗಿತ್ತು, ಒಪ್ಪುತ್ತೇನೆ. ಆದರೆ ಒಂದಿಷ್ಟು ಗೋಧಿ ಕಳಿಸಲು ಏನಾಗಿತ್ತು? ಇಷ್ಟಾದರೂ ಮಾರ್ಟಿನ್ ತಮ್ಮ ಜಾಗದಲ್ಲಿ ಕೂತವನಿಗಾಗಿ ಪ್ರಾರ್ಥಿಸಿದರು. 655ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

681ರಲ್ಲಿ ಅದೇ ಕಾನ್‌ಸ್ಟಾಂಟಿನೋಪಲ್‌ನ ಮಹಾಸಭೆ ಎರಡು ಇಚ್ಛೆಗಳೇ ಸರಿ ಎಂದು ಒಪ್ಪಿತು. ರೋಮ್ ಈಗ ಏಪ್ರಿಲ್ 13ಕ್ಕೆ ಅವರನ್ನು ಹುತಾತ್ಮ ಎಂದು ನೆನೆಯುತ್ತದೆ. ಆ ದಿನ ಹಸಿವಿನ ಆ ಪತ್ರಗಳನ್ನೂ ಇಗರ್ಜಿಗಳಲ್ಲಿ ಗಟ್ಟಿಯಾಗಿ ಓದಬೇಕು ಅನ್ನುವುದು ನನ್ನ ಆಸೆ.