ಅಜ್ಜಿಯ ಕೈಪಟ್ಟಿಯನ್ನು ಯಾರು ಬೇಕಾದರೂ ಓದಬಹುದು

ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಪಕ್ಕದ ಮನೆ ಅಜ್ಜಿಯ ಕೈಗೆ ಒಂದು ರಬ್ಬರ್ ಪಟ್ಟಿ ಬಂದಿದೆ. ದೂರದಿಂದಲೇ ಆರೋಗ್ಯ ನೋಡಿಕೊಳ್ಳುವ ಸಂಸ್ಥೆಯೊಂದು ಕಟ್ಟಿ ಹೋಗಿದೆ. ಶುಗರ್ ಮಿಷನ್ ಪಕ್ಕ ಪಟ್ಟಿ ಹಿಡಿದರೆ ಸಾಕು, ರೀಡಿಂಗ್ ಅಜ್ಜಿಯ ಹೆಸರಲ್ಲೇ ಮೈಸೂರಿನ ಡಾಕ್ಟರಿಗೆ ಹೋಗುತ್ತದೆ. ಈ ಮಳೆಯಲ್ಲಿ ಮಡಿಕೇರಿಗೆ ಹೋಗಿಬರುವುದೇ ಕಷ್ಟ, ಮಕ್ಕಳೆಲ್ಲ ಬೆಂಗಳೂರಲ್ಲಿ. ಇಂಥದ್ದು ಬೇಕೇ ಬೇಕು.

ನಿನ್ನೆ ಅಜ್ಜಿಯನ್ನು ಕೇಳಿ ನನ್ನ ಫೋನನ್ನು ಪಟ್ಟಿಗೆ ತಾಗಿಸಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ. ಹೆಸರು, ವಯಸ್ಸು, ಸಕ್ಕರೆ ಕಾಯಿಲೆ, ಇನ್ಸುಲಿನ್, ಮಗನ ಮೊಬೈಲ್ ನಂಬರ್ ಎಲ್ಲ ಸಾಲಾಗಿ ಬಂತು. ಕೊನೆಯ ಸಾಲು: ‘ಒಂಟಿಯಾಗಿ ವಾಸ’. ಅದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಇಂಥ ಚಿಪ್ ಕಾರ್ಡ್, ಅದನ್ನು ಓದುವ ರೀಡರ್ ಕೆಲಸದಲ್ಲಿ ಇದ್ದವನು. ಪಟ್ಟಿಯೊಳಗಿನ ಟ್ಯಾಗ್‌ನಲ್ಲಿ, ಅಂದರೆ ಸಣ್ಣ ಚಿಪ್‌ನಲ್ಲಿ, ಬ್ಯಾಟರಿ ಇಲ್ಲ. ಎದುರಿನ ರೀಡರ್‌ನಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತದೆ. ಬೀಗ ಹಾಕದಿದ್ದರೆ ಕೇಳಿದವರಿಗೆಲ್ಲ ಹೇಳುತ್ತದೆ. ಬೀಗ ಇದ್ದರೂ ಸಾಲದು, ಅದು ಗಟ್ಟಿಯಾಗಿರಬೇಕು. ಬಸ್, ಮೆಟ್ರೊ ಕಾರ್ಡುಗಳಲ್ಲಿದ್ದ ಮೈಫೇರ್ ಕ್ಲಾಸಿಕ್ ಚಿಪ್‌ನ ಬೀಗವನ್ನು ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2008ರಲ್ಲೇ ಮುರಿದು ತೋರಿಸಿದ್ದರು. ಇಲ್ಲಿ ಅಷ್ಟೂ ಇಲ್ಲ.

ಸಂಸ್ಥೆಯವರಿಗೆ ಫೋನ್ ಮಾಡಿದೆ. ‘ಸರ್, ಒಂದೆರಡು ಇಂಚು ಹತ್ತಿರ ಬಂದರೆ ಮಾತ್ರ ಓದೋಕೆ ಆಗೋದು, ಅಷ್ಟು ಹತ್ತಿರ ಯಾರು ಬರ್ತಾರೆ?’ ಅಂದರು. ಸಂತೆ ದಿನ ನಮ್ಮ ಬಸ್ಸಲ್ಲಿ ಒಮ್ಮೆ ನಿಂತು ನೋಡಲಿ. ತೋಟದ ನಡುವಿನ ಮನೆಯಲ್ಲಿ ಒಬ್ಬರೇ ಇದ್ದಾರೆ ಅನ್ನೋದು ಯಾರ ಫೋನಿಗೂ ಹೋಗಬಾರದು.

ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ, ಆಂಬುಲೆನ್ಸ್‌ನವರಿಗೆ ವಿಷಯ ಗೊತ್ತಾಗಬೇಕಲ್ವಾ ಅಂತಲೂ ಕೇಳಿದರು. ಒಪ್ಪುತ್ತೇನೆ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರು ಇದನ್ನು ತಳ್ಳಿಹಾಕೋಕೆ ಆಗಲ್ಲ. ಹಾಗಾದರೆ ಇನ್ಸುಲಿನ್, ಅಲರ್ಜಿ, ಮಗನ ನಂಬರ್ ಇರಲಿ. ಒಂಟಿಯಾಗಿ ವಾಸ ಅನ್ನೋದು ಯಾವ ಆಂಬುಲೆನ್ಸಿಗೆ ಬೇಕು?

ಇನ್ನೊಂದು ಭಯ ಇದೆ. ಇಂಥ ಟ್ಯಾಗ್‌ನಲ್ಲಿ ಬರೆದಿದ್ದನ್ನು ಖಾಲಿ ಟ್ಯಾಗ್‌ಗೆ ನಕಲು ಮಾಡೋದು ಸುಲಭ. ಆಗ ಇನ್ಯಾರದೋ ಶುಗರ್ ಅಜ್ಜಿಯ ಲೆಕ್ಕಕ್ಕೆ ಹೋಗಬಹುದು. ಮೈಸೂರಲ್ಲಿ ಕೂತ ಡಾಕ್ಟರ್ ಅದನ್ನು ನೋಡಿ ಇನ್ಸುಲಿನ್ ಜಾಸ್ತಿ ಮಾಡಿದರೆ? ನಕಲು ಕೆಲಸಕ್ಕೆ ಬಾರದಂತೆ ಪ್ರತಿ ಸಲ ಹೊಸ ಕೋಡ್ ಕೊಡುವ ಚಿಪ್‌ಗಳು ಮಾರುಕಟ್ಟೆಯಲ್ಲಿವೆ. ಬೆಲೆ ಸ್ವಲ್ಪ ಜಾಸ್ತಿ, ಅಷ್ಟೇ.

ಅಜ್ಜಿ ಸಹಿ ಹಾಕಿದ ಕಾಗದ ಪೂರ್ತಿ ಇಂಗ್ಲಿಷ್‌ನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವಾಗ ಕೊಡುವ ವಿವರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಅನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಅಜ್ಜಿಗೆ ಯಾರೂ ಓದಿ ಹೇಳಿಲ್ಲ.

ಆ ಕೊನೆಯ ಸಾಲನ್ನು ಅಳಿಸಿ, ಪಟ್ಟಿಗೆ ಬೀಗ ಹಾಕಿ ಅಂತ ಅಜ್ಜಿ ಪರವಾಗಿ ಕನ್ನಡದಲ್ಲೇ ಬರೆದು ಕಳಿಸಿದ್ದೇನೆ. ವಿರಾಜಪೇಟೆ, ಸೋಮವಾರಪೇಟೆ ಕಡೆ ನಿಮ್ಮ ಮನೆಯ ಹಿರಿಯರ ಕೈಯಲ್ಲೂ ಇಂಥ ಪಟ್ಟಿ ಇದ್ದರೆ, ಅವರನ್ನು ಕೇಳಿ, ಫೋನ್ ತಾಗಿಸಿ ನೋಡಿ. ಏನು ಕಾಣುತ್ತದೆ ಅಂತ ನನಗೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಸ್ಕ್ರೀನ್‌ಶಾಟ್ ಮಾತ್ರ ಎಲ್ಲೂ ಹಾಕಬೇಡಿ.