ಕಪ್ಪು ಕಾರಿನ ಮೇಲಿನ 40 ಮೈಕ್ರಾನ್

ಮೊನ್ನೆ ಸಂಜೆ ಕಾರನ್ನು ಡೀಟೇಲಿಂಗ್‌ನಿಂದ, ಅಂದರೆ ಕಾರಿನ ಮೈ ಪೂರ್ತಿ ತೊಳೆದು ಪಾಲಿಶ್ ಮಾಡುವ ಕಡೆಯಿಂದ, ಬಿಡಿಸಿಕೊಂಡು ಬಂದೆ. ನಾಲ್ಕು ದಿನ ಅಲ್ಲೇ ಇತ್ತು. ಬಾನೆಟ್ ಮೇಲೆ ಬಗ್ಗಿದರೆ ಬಾವಿಯೊಳಗೆ ಇಣುಕಿದ ಹಾಗೆ ನನ್ನ ಮುಖ, ಹಿಂದಿನ ಮರ, ಮರದ ಒಂದೊಂದು ಎಲೆಯೂ ಕಾಣಿಸಿತು. ಒಂಬತ್ತು ವರ್ಷದ ಕಾರಿದು. "ಬಣ್ಣ ಹೋಗಿದೆ, ಪೂರ್ತಿ ಪೇಂಟ್ ಹೊಡೆಸಿಬಿಡಿ" ಅಂತ ಒಬ್ಬರಲ್ಲ, ಮೂವರು ಹೇಳಿದ್ದರು. ಅವರ ಮಾತು ಕೇಳಿದ್ದರೆ ಫ್ಯಾಕ್ಟರಿಯಲ್ಲಿ ಹೊಡೆದ ಒಳ್ಳೆಯ ಪೇಂಟನ್ನು ಸುಮ್ಮನೆ ಉಜ್ಜಿ ಕಳೆದುಕೊಳ್ಳುತ್ತಿದ್ದೆ. ಕಪ್ಪು ಕಾರು ಇಟ್ಟುಕೊಂಡು ಕೊರಗುವವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಣ್ಣ ಕೆಡಿಸಿದ್ದು ಬಿಸಿಲೂ ಅಲ್ಲ, ಮಳೆಯೂ ಅಲ್ಲ, ನನ್ನ ಕೈಯೇ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಒಣ ಬಟ್ಟೆ ತಗೊಂಡು ಕಾರು ಒರೆಸುತ್ತಿದ್ದೆ. ಪ್ರೀತಿಯಿಂದಲೇ ಒರೆಸುತ್ತಿದ್ದೆ. ಧೂಳು ಅಂತ ನಾವು ಅನ್ನುವುದರಲ್ಲಿ ನುಣ್ಣನೆ ಮರಳಿನ ಕಣವೂ ಇರುತ್ತದೆ. ಒಣ ಬಟ್ಟೆ ಅದನ್ನು ಎತ್ತಿಕೊಳ್ಳುವುದಿಲ್ಲ, ಪೇಂಟಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಹೀಗೆ ಒಂಬತ್ತು ವರ್ಷ. ರಾತ್ರಿ ಬೀದಿ ದೀಪದ ಕೆಳಗೆ ನಿಲ್ಲಿಸಿದರೆ ಬೆಳಕಿನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಕಾಣುತ್ತದಲ್ಲ, ಸ್ವರ್ಲ್ ಮಾರ್ಕ್ ಅನ್ನುವುದು ಅದನ್ನೇ. ಗೀರುಗಳು ನಿಜವಾಗಿ ದುಂಡಗಿರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಅದರಲ್ಲಿ ಬೆಳಕಿಗೆ ಅಡ್ಡಲಾಗಿ ಸಿಕ್ಕವು ಮಾತ್ರ ಮಿಂಚುವುದರಿಂದ ಕಣ್ಣಿಗೆ ಬಳೆ ಬಳೆಯಾಗಿ ಕಾಣುತ್ತವೆ.

ಬಿಳಿ ಕಾರಿನಲ್ಲೂ ಇಷ್ಟೇ ಗೀರು ಇರುತ್ತವೆ. ಅಲ್ಲಿ ಬಣ್ಣವೇ ಬೆಳಕನ್ನೆಲ್ಲ ಚೆಲ್ಲುವುದರಿಂದ ಗೀರು ಚೆಲ್ಲುವ ಬೆಳಕು ಅದರಲ್ಲೇ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ನಮಗೆ ಕಾಣುವ ಹೊಳಪೆಲ್ಲ ಮೇಲಿನ ಪಾರದರ್ಶಕ ಪದರದ್ದು. ಅದಕ್ಕೆ ಗೀರು ಬಿದ್ದಾಗ ಪ್ರತಿ ಗೀರೂ ಬೆಳ್ಳಗೆ ಎದ್ದು ಕಾಣುತ್ತದೆ, ಸಾವಿರಾರು ಸೇರಿದರೆ ಕಾರು ಬೂದಿ ಬಳಿದ ಹಾಗಾಗುತ್ತದೆ. ನನ್ನ ಕಾರಿಗೆ ಆಗಿದ್ದು ಇದೇ. ಕೆಳಗೆ ಕಪ್ಪು ಬಣ್ಣ ಹಾಗೇ ಇತ್ತು.

ಆ ಮೇಲಿನ ಪದರವೇ ಕ್ಲಿಯರ್ ಕೋಟ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಫ್ಯಾಕ್ಟರಿ ಪೇಂಟ್ ಒಟ್ಟು ಸುಮಾರು 100ರಿಂದ 150 ಮೈಕ್ರಾನ್ ದಪ್ಪ, ಅದರಲ್ಲಿ ಕ್ಲಿಯರ್ ಕೋಟ್ 40ರ ಆಸುಪಾಸು. ನಮ್ಮ ತಲೆಗೂದಲೇ 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಇರುವುದೂ ಆ ಪದರದಲ್ಲೇ. ಪಾಲಿಶ್ ಅಂದರೆ ಗೀರಿಗೆ ಏನೋ ತುಂಬಿ ಮುಚ್ಚುವುದು ಅಂದುಕೊಂಡಿದ್ದೆ. ತಪ್ಪು. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಗೀರಿನ ತಳದ ಮಟ್ಟಕ್ಕೆ ಸವೆಸುವುದೇ ಪಾಲಿಶ್. ಸವೆದದ್ದು ತಿರುಗಿ ಬೆಳೆಯುವುದಿಲ್ಲ.

ಇದು ಗೊತ್ತಿಲ್ಲದೆ ಎರಡು ವರ್ಷದ ಹಿಂದೆ ಒಂದು ಕಡೆ ಒಂದೇ ಗಂಟೆಯಲ್ಲಿ "ರಬ್ಬಿಂಗ್ ಪಾಲಿಶ್" ಮಾಡಿಸಿದ್ದೆ. ಸರಿಯಾಗಿ ತೊಳೆಯಲೂ ಇಲ್ಲ, ಉಣ್ಣೆ ಪ್ಯಾಡ್ ಹಾಕಿದ ರೋಟರಿ ಮೆಷಿನ್ ಹಿಡಿದು ಬರ್ರೆಂದು ಓಡಿಸಿದರು, ಮೇಲೆ ಏನೋ ಎಣ್ಣೆಯಂಥದ್ದು ಬಳಿದರು. ಮನೆಗೆ ತರುವಾಗ ಕನ್ನಡಿಯಂತೆ ಇತ್ತು. ಎರಡು ಸಲ ತೊಳೆದ ಮೇಲೆ ಹಳೆಯ ಗೀರೆಲ್ಲ ವಾಪಸ್ ಬಂದವು. ಅದರ ಜೊತೆಗೆ ಬಿಸಿಲಲ್ಲಿ ಬಾಗಿಲ ತುಂಬ ಅಲೆ ಅಲೆಯಾದ ನೆರಳು. ಇದಕ್ಕೆ ಹೋಲೋಗ್ರಾಮ್ ಅನ್ನುತ್ತಾರಂತೆ. ಒರಟು ಪ್ಯಾಡ್ ಬಿಟ್ಟ ಗುರುತನ್ನು ನಯವಾದ ಪಾಲಿಶ್‌ನಿಂದ ತೆಗೆಯದೇ ಬಿಟ್ಟರೆ ಹೀಗಾಗುತ್ತದೆ. ದುಡ್ಡಿಗಿಂತ ಹೆಚ್ಚು ಹೊಟ್ಟೆ ಉರಿಯುವುದು ಆ ಒಂದು ಗಂಟೆಯಲ್ಲಿ ಹೋದ ಕ್ಲಿಯರ್ ಕೋಟ್‌ಗೆ.

ಈ ಸಲ ಸಿಕ್ಕ ಹುಡುಗ ಮೆಷಿನ್ ಮುಟ್ಟುವ ಮುಂಚೆ ಅರ್ಧ ದಿನ ಬರೀ ನೋಡಿದ. ಅಂಗೈಯಗಲದ ಮೀಟರ್ ಒಂದನ್ನು ಬಾನೆಟ್, ಬಾಗಿಲು, ಡಿಕ್ಕಿ ಎಲ್ಲ ಕಡೆ ಒತ್ತಿ ಪೇಂಟಿನ ದಪ್ಪ ಎಷ್ಟು ಮೈಕ್ರಾನ್ ಅಂತ ಬರೆದುಕೊಂಡ. 118, 112, 121. ಎಡಗಡೆಯ ಹಿಂದಿನ ಬಾಗಿಲಲ್ಲಿ 260. "ಈ ಬಾಗಿಲಿಗೆ ಒಂದು ಸಲ ಪೇಂಟ್ ಆಗಿದೆ ಸರ್." ನನಗೇ ಮರೆತುಹೋಗಿತ್ತು. ಬಾನೆಟ್ಟಿನ ಅಂಚಲ್ಲಿ 90 ಬಂದಾಗ ಅಲ್ಲಿಗೆ ಟೇಪ್ ಅಂಟಿಸಿಬಿಟ್ಟ. ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತದೆ, ಮೆಷಿನ್ ಮೊದಲು ಕಚ್ಚುವುದೂ ಅಲ್ಲೇ.

ಆಮೇಲೆ ತೊಳೆತ. ಐರನ್ ರಿಮೂವರ್ ಹೊಡೆದಾಗ ಚಕ್ರದ ಸುತ್ತಮುತ್ತ ನೇರಳೆ ಬಣ್ಣದ ನೀರು ಇಳಿಯಿತು. ಬ್ರೇಕಿನಿಂದ ಹಾರಿ ಪೇಂಟಿನಲ್ಲಿ ಕಚ್ಚಿ ಕೂತ ಕಬ್ಬಿಣದ ಪುಡಿ ಅದು. ಅದಕ್ಕೂ ಬಿಡದ ಕೊಳೆಗೆ ಕ್ಲೇ ಬಾರ್, ಅಂದರೆ ಪೇಂಟಿನ ಮೇಲೆ ಸವರಿ ಕೊಳೆ ಎತ್ತುವ ಮೆತ್ತನೆ ಜೇಡಿಯಂಥ ಉಂಡೆ. ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಸಿ ಬಾನೆಟ್ ಸವರಲು ಹೇಳಿದ. ಕ್ಲೇ ಮಾಡದ ಅರ್ಧ ರವೆ ಚೆಲ್ಲಿದ ಹಾಗೆ, ಮಾಡಿದ ಅರ್ಧ ಗಾಜು.

ನನಗೆ ಬಹಳ ಹಿಡಿಸಿದ್ದು ಟೆಸ್ಟ್ ಸ್ಪಾಟ್, ಅಂದರೆ ಮೊದಲು ಒಂದು ಸಣ್ಣ ಜಾಗದಲ್ಲಿ ಮಾಡಿ ನೋಡುವುದು. ಒಂದೂವರೆ ಅಡಿ ಚೌಕಕ್ಕೆ ಟೇಪ್ ಸುತ್ತಿ, ಅತ್ಯಂತ ನಯವಾದ ಪ್ಯಾಡ್, ಅತ್ಯಂತ ನಯವಾದ ಪಾಲಿಶ್‌ನಿಂದ ಶುರು ಮಾಡಿದ. ಸಾಲಲಿಲ್ಲ. ಒಂದು ಮೆಟ್ಟಿಲು ಮೇಲೆ ಹೋದ. ಅಷ್ಟಕ್ಕೇ ಗೀರು ಹೋಯಿತು, ಅದಕ್ಕಿಂತ ಒರಟಾದ ಪಾಲಿಶ್ (ಕಾಂಪೌಂಡ್ ಅನ್ನುತ್ತಾರೆ) ಡಬ್ಬಿ ತೆರೆಯಲೇ ಇಲ್ಲ. ನಂತರ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಒರೆಸಿ ಟಾರ್ಚ್ ಹಿಡಿದ. ಪಾಲಿಶ್‌ನ ಎಣ್ಣೆ ಗೀರಿನಲ್ಲಿ ತುಂಬಿಕೊಂಡು ಮೋಸ ಮಾಡಿದ್ದರೆ ಆಗಲೇ ಗೊತ್ತಾಗುತ್ತದೆ. ನೀವು ಎಲ್ಲೇ ಮಾಡಿಸಿ, ಇದೊಂದನ್ನು ನಿಮ್ಮ ಕಣ್ಣೆದುರು ಮಾಡಿ ತೋರಿಸಿ ಅಂತ ಕೇಳಿ. ಹಿಂದೇಟು ಹಾಕಿದರೆ ಕಾರು ತಿರುಗಿಸಿಕೊಂಡು ಬನ್ನಿ.

ಎಲ್ಲವೂ ಹೋಗಿಲ್ಲ. ಹಕ್ಕಿ ಹಿಕ್ಕೆ ಬಿಸಿಲಲ್ಲಿ ಒಣಗಿ ಸುಟ್ಟ ಗುರುತು ರೂಫ್ ಮೇಲೆ ಎರಡು ಕಡೆ ಮಂಕಾಗಿ ಉಳಿದಿದೆ. ಬಲಗಡೆ ಬಾಗಿಲಲ್ಲಿ ಯಾರೋ ಕೀಲಿಯಿಂದ ಎಳೆದ ಗೀರಿದೆ. ಹುಡುಗ ಅದರ ಮೇಲೆ ಉಗುರು ಅಡ್ಡ ಎಳೆದ, ಉಗುರು ಸಿಕ್ಕಿಕೊಂಡಿತು. "ತೆಗೀಬಹುದು ಸರ್, ಆದ್ರೆ ಅಲ್ಲಿ ಕ್ಲಿಯರ್ ಏನೂ ಉಳಿಯಲ್ಲ. ಬಿಡೋಣ." ಅಂಚು ಮಾತ್ರ ನಯ ಮಾಡಿ ಬಿಟ್ಟ. ಆ ಒಂದು ಮಾತಿಗೆ ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಬಂತು. ಎಲ್ಲ ಗೀರೂ ನೂರಕ್ಕೆ ನೂರು ತೆಗೆಯುತ್ತೇನೆ ಅನ್ನುವವರು ನಾಲ್ಕು ವರ್ಷದ ನಂತರ ಕ್ಲಿಯರ್ ಕೋಟ್ ಸಿಪ್ಪೆ ಏಳುವಾಗ ನಮ್ಮ ಜೊತೆ ಇರುವುದಿಲ್ಲ. ಹಾಗೆ ಸಿಪ್ಪೆ ಎದ್ದ ಕಾರಿಗೆ ಯಾವ ಪಾಲಿಶ್ ಕೂಡ ನಡೆಯುವುದಿಲ್ಲ, ಆ ಭಾಗಕ್ಕೆ ಹೊಸ ಪೇಂಟೇ ಗತಿ.

ಕೊನೆಗೆ ಕ್ಲಿಯರ್ ಕೋಟ್ ಮೇಲೆ ಸೆರಾಮಿಕ್ ಕೋಟಿಂಗ್ ಅನ್ನುವ ತೆಳು ರಕ್ಷಣಾ ಪದರ ಹಾಕಿಸಿದೆ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಒಳ್ಳೆಯದೇ. ಆದರೆ ಗೀರೇ ಬೀಳುವುದಿಲ್ಲ ಅನ್ನುವ ಜಾಹೀರಾತು ನಂಬಬೇಡಿ. ಒಣ ಬಟ್ಟೆಗೆ ಅದೂ ಸೋಲುತ್ತದೆ.

ಈಗ ನೆರಳಲ್ಲಿ, ಬಾನೆಟ್ ತಣ್ಣಗಾದ ಮೇಲೆ, ಎರಡು ಬಕೆಟ್ ಇಟ್ಟು ತೊಳೆಯುತ್ತೇನೆ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಗ್ಲೌಸ್ ಜಾಲಿಸಲು ಬರೀ ನೀರು. ಒರೆಸುವಾಗ ಉಜ್ಜುವುದಿಲ್ಲ, ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಿಕೊಳ್ಳುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ಕಾರಿನ ಮೇಲೆ ತೆಳ್ಳಗೆ ಧೂಳು ಕೂತಿದೆ. ಬೆಳಿಗ್ಗೆ ಕೈ ತಾನಾಗೇ ಬಟ್ಟೆಯ ಕಡೆ ಹೋಯಿತು. ತಡೆದುಕೊಂಡು ಹಾಗೇ ಹೊರಟೆ. ಭಾನುವಾರ ನೀರು ಬೀಳುವವರೆಗೂ ಅದು ಅಲ್ಲೇ ಇರಲಿ.