ಮಿದುಳಿನ ಕಸದ ಗಾಡಿ ಬರುವ ಹೊತ್ತು

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಲ್ಲಿ ಒಬ್ಬ ಕಾನ್‌ಸ್ಟೇಬಲ್. ಸತತ 60 ದಿನ, ದಿನಕ್ಕೆ ಎರಡು ಪಾಳಿ, ಅಂದರೆ 16 ಗಂಟೆ ಕೆಲಸ. ಒಂದು ದಿನ ಡ್ಯೂಟಿಯಲ್ಲೇ ಕಣ್ಣು ಮುಚ್ಚಿತು. ಯಾರೋ ಪುಣ್ಯಾತ್ಮರು ವಿಡಿಯೋ ಮಾಡಿದರು. ಅದು ಊರೆಲ್ಲ ಓಡಾಡಿತು. 2024ರ ಜುಲೈನಲ್ಲಿ ಅಮಾನತು ಆದೇಶ ಬಂತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಈ ಮನುಷ್ಯನಿಗೆ ಚಿಂತೆ ಇತ್ತೋ ಇಲ್ವೋ, ಎರಡು ತಿಂಗಳ ನಿದ್ದೆ ಮಾತ್ರ ಬಾಕಿ ಇತ್ತು. ಅಮಾನತು ಅಂದರೆ ಮನೆಯಲ್ಲಿ ಬಿದ್ದಿರು ಅಂತ ತಾನೇ? ರಜೆ ಕೊಟ್ಟು ಮಲಗಿಸಬೇಕಾದವರನ್ನು ಶಿಕ್ಷೆ ಕೊಟ್ಟು ಮಲಗಿಸಿದರು.

2025ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಮನುಷ್ಯನಿಗೆ ನಿದ್ದೆಯ ಹಕ್ಕಿದೆ ಎಂದಿತು. ಹಕ್ಕಿ, ಹಲ್ಲಿ, ಹಸುವಿಗೆ ಯಾವ ಕೋರ್ಟೂ ಹೇಳಬೇಕಾಗಿಲ್ಲ. ನಮಗೆ ಮಾತ್ರ ಆಕಳಿಸೋಕೂ ರಿಟ್ ಅರ್ಜಿ ಬೇಕು.

ಈ ಹಕ್ಕನ್ನು ನೋಡಿಕೊಳ್ಳೋಕೆ ತಲೆಯೊಳಗೇ ಒಂದು ಕಚೇರಿ ಇದೆ. ಎರಡೂ ಕಣ್ಣಿನ ನರಗಳು ಸೇರುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಅದೇ ಮೈಯ ಮುಖ್ಯ ಗಡಿಯಾರ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಅಲ್ಲಿಗೆ ಹೋಗುತ್ತದೆ. ಕತ್ತಲಾಯ್ತು ಅಂತ ಅಲ್ಲಿಂದ ಆದೇಶ ಹೊರಟರೆ ಮೆಲಟೋನಿನ್ ಅನ್ನುವ ಹಾರ್ಮೋನು ಸುರಿಯಲು ಶುರು. ಮೈಗೆ ಅದು ಮಲಗೋ ಗಂಟೆ. ಈ ಗಡಿಯಾರದ ಒಳಗಿನ ಕೀಲುಗಳನ್ನು ಹಣ್ಣಿನ ನೊಣದಲ್ಲಿ ಹುಡುಕಿ ತೆಗೆದ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಬಂತು. ನೊಣ ಹೊತ್ತಿಗೆ ಸರಿಯಾಗಿ ಮಲಗುತ್ತದೆ, ಅದಕ್ಕೆ ಮ್ಯಾನೇಜರ್ ಇಲ್ಲ ನೋಡಿ.

ನಮಗೆ ಮ್ಯಾನೇಜರ್ ಇದ್ದಾರೆ. ರಾತ್ರಿ ಎರಡೂವರೆಗೆ ಔಟರ್ ರಿಂಗ್ ರೋಡಿನಲ್ಲಿ ಸೈಕಲ್ ಮೇಲೆ ಚಹಾ ಮಾರುವವನ ಸುತ್ತ ನಿಂತವರನ್ನು ನೋಡಿ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಪೇಪರ್ ಕಪ್, ಮುಖದ ಮೇಲೆ ಫೋನಿನ ನೀಲಿ ಬೆಳಕು. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಜಮೆಯಾಗುತ್ತಾ ಹೋಗುತ್ತದೆ. 'ಸಾಕು, ಮಲಗಪ್ಪಾ' ಅನ್ನುವ ದೂರು ಅದು. ಕಾಫಿ, ಚಹಾದ ಕೆಫೀನ್ ಆ ದೂರನ್ನು ಪರಿಹರಿಸುವುದಿಲ್ಲ. ದೂರಿನ ಡಬ್ಬಿಯ ಬಾಯಿಗೆ ಟೇಪ್ ಅಂಟಿಸುತ್ತದೆ, ಅಷ್ಟೇ. ನಮ್ಮ ಕಚೇರಿಗಳ ರೂಢಿಯೂ ಇದೇ ಅಲ್ವಾ?

ಇನ್ನು ಕಸದ ವಿಷಯ. 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳ ಮಿದುಳು ನೋಡಿದರು. ಇಲಿ ಮಲಗಿದಾಗ ಕೋಶಗಳ ನಡುವಿನ ಜಾಗ ಅಗಲವಾಗಿ, ಬೀಟಾ ಅಮೈಲಾಯ್ಡ್ ಅನ್ನುವ ಕಸ ಬೇಗ ಬೇಗ ತೊಳೆದುಹೋಗುತ್ತಿತ್ತು. ಆಲ್‌ಝೈಮರ್ ಅನ್ನುವ ಮರೆವಿನ ಕಾಯಿಲೆ ಬಂದವರ ಮಿದುಳಿನಲ್ಲಿ ಗಂಟುಗಂಟಾಗಿ ಸಿಗುವುದು ಇದೇ ಕಸ. ಅಂದರೆ ಮಿದುಳಿನ ಕಸದ ಗಾಡಿ ಹೆಚ್ಚಾಗಿ ಬರುವುದು ನಿದ್ದೆಯಲ್ಲಿ. ಆ ಹೊತ್ತಿಗೆ ನಾವು ನ್ಯೂಯಾರ್ಕಿನ ಜೊತೆ ಕಾಲ್‌ನಲ್ಲಿರುತ್ತೇವೆ.

ಬ್ರಿಟನ್ನಿನ ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಬಂತು. ಐವತ್ತು, ಅರವತ್ತರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗುವವರಿಗೆ ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಅಂತ ಕಂಡಿತ್ತು. ನಿದ್ದೆ ಕೆಟ್ಟು ಮರೆವು ಬಂತೋ, ಒಳಗೊಳಗೇ ಮರೆವು ಶುರುವಾಗಿ ನಿದ್ದೆ ಕೆಟ್ಟಿತೋ, ಆ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ಕಾಯೋಣ ಅಂತ ನಮ್ಮವರು ಕೂತಿಲ್ಲ. ಒಂದು ಕಡೆ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರವೇ ಮಿದುಳು ಆರೋಗ್ಯ ಯೋಜನೆ ನಡೆಸುತ್ತದೆ. ಇನ್ನೊಂದು ಕಡೆ 2024ರಲ್ಲಿ ಐಟಿಯವರ ದಿನದ ಕೆಲಸ 12 ಗಂಟೆ ದಾಟಲಿ ಅನ್ನುವ ಪ್ರಸ್ತಾವ ಅದೇ ಸರ್ಕಾರದ ಮೇಜಿಗೆ ಬರುತ್ತದೆ. ನೌಕರರ ಸಂಘ ಗಲಾಟೆ ಮಾಡಿತು. 2025ರಲ್ಲಿ ಪ್ರಸ್ತಾವ ಬೇರೆ ಅಂಗಿ ಹಾಕಿಕೊಂಡು ಮತ್ತೆ ಬಂತು, ಓವರ್‌ಟೈಮ್ ಸೇರಿ 12 ಗಂಟೆ ಅಂತ. ಮಿದುಳಿಗೆ ಗಾಯ ಮಾಡೋ ಇಲಾಖೆ ಒಂದು, ಮುಲಾಮು ಹಚ್ಚೋ ಇಲಾಖೆ ಇನ್ನೊಂದು. ಕಡತಗಳು ಎದುರಾಬದುರಾ ಭೇಟಿಯಾಗುವುದಿಲ್ಲ.

ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಿರಿ ಅನ್ನುವ ಹಿರಿಯರಿಗೆ ಬಹುಶಃ ಲಕ್ಷ್ಮಣ ಮಾದರಿ. ಹದಿನಾಲ್ಕು ವರ್ಷ ನಿದ್ದೆಗೆಟ್ಟವನು. ಆದರೆ ಅವನ ಪಾಲಿನ ನಿದ್ದೆಯನ್ನೂ ಊರ್ಮಿಳೆ ಮಾಡಿದಳು ಅಂತ ಜನಪದರು ಕತೆ ಕಟ್ಟಿದರು. ಲೆಕ್ಕ ಎಲ್ಲೋ ತಾಳೆಯಾಗಬೇಕು ಅಂತ ಅವರಿಗೂ ಗೊತ್ತಿತ್ತು. ನಮ್ಮ ಕಂಪನಿಗಳಲ್ಲಿ ಊರ್ಮಿಳೆಯ ಪೋಸ್ಟ್ ಇನ್ನೂ ಖಾಲಿ.

ನಮ್ಮ ಎದುರುಮನೆಯಲ್ಲಿ ಅಜ್ಜಿಗೆ ಎಂಬತ್ತು ದಾಟಿದೆ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆಗೆ ಇಪ್ಪತ್ತು ವರ್ಷ ಸಡ್ಡು ಹೊಡೆದು ಈಗ ಸೋತಿದ್ದಾರೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಅವರಿಗೆ ಗಾಬರಿ ಜಾಸ್ತಿ. ಸೆರಗು ಸರಿ ಮಾಡಿಕೊಂಡು "ಬೆಳಗಾಯ್ತೇನೇ?" ಅಂತ ಸೊಸೆಯನ್ನು ಕೇಳುತ್ತಾರೆ. ಅದೇ ಹೊತ್ತಿಗೆ, ಕಿಟಕಿಗೆಲ್ಲ ಪೇಪರ್ ಅಂಟಿಸಿದ ರೂಮಿನಿಂದ ಮೊಮ್ಮಗ ಹಲ್ಲುಜ್ಜುತ್ತಾ ಹೊರಗೆ ಬರುತ್ತಾನೆ. "ಅಮ್ಮಾ, ಇವತ್ತು ತಿಂಡಿ ಏನು?"

ಅಜ್ಜಿಗೆ ಡಾಕ್ಟರು ಮಾತ್ರೆ ಬರೆದಿದ್ದಾರೆ. ಮೊಮ್ಮಗನಿಗೆ ಕಂಪನಿ ನೈಟ್ ಶಿಫ್ಟ್ ಅಲೋಯನ್ಸ್ ಕೊಡುತ್ತದೆ.